ಅಂಚಿನ ಮಣ್ಣು ಯಾವ ಲೆಕ್ಕಕ್ಕೆ? ಫಿನ್ಲೆಂಡಿನ ಪೀಟ್ ಹೊಲಗಳನ್ನು ಅಳೆದ ನನ್ನ ಅನುಭವ

ಫಿನ್ಲೆಂಡಿನಲ್ಲಿ ಮಣ್ಣಿನ ನಕ್ಷೆ ಮಾಡುವುದು ನನ್ನ ಕೆಲಸ. ನೀರು ಬಸಿದು ಉಳುತ್ತಿರುವ ಪೀಟ್ ಭೂಮಿ ಎಲ್ಲೆಲ್ಲಿದೆ, ಎಷ್ಟಿದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೇನೆ. ಜೌಗಿನಲ್ಲಿ ಪಾಚಿ, ಜೊಂಡು ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಪದರಪದರವಾಗಿ ಕೂತರೆ ಪೀಟ್ ಆಗುತ್ತದೆ. ನಮ್ಮ ಕಡೆ ನರ್ಸರಿಗಳಲ್ಲಿ ಸಿಗುವ ಕೋಕೋಪೀಟ್ ತೆಂಗಿನ ನಾರಿನ ಪುಡಿ, ಇದೇ ಬೇರೆ.

ಈ ದೇಶದ ನೆಲದಲ್ಲಿ ಮೂರರಲ್ಲೊಂದು ಪಾಲು, ಅಂದರೆ ಸುಮಾರು 1 ಕೋಟಿ ಹೆಕ್ಟೇರ್, ಮೂಲತಃ ಜೌಗು. ಅದರ ಹೆಚ್ಚುಕಡಿಮೆ ಅರ್ಧಕ್ಕೆ ಮರ ಬೆಳೆಸಲೆಂದು ಬಸಿಗಾಲುವೆ ತೋಡಿದರು. 1960 ಮತ್ತು 70ರ ದಶಕಗಳಲ್ಲಿ ಆ ಕೆಲಸ ಭರದಿಂದ ನಡೆಯಿತು. ಹೊಲವಾಗಿರುವ ಪೀಟ್ ಸುಮಾರು ಎರಡೂವರೆ ಲಕ್ಷ ಹೆಕ್ಟೇರ್ ಮಾತ್ರ, ಒಟ್ಟು ಸಾಗುವಳಿಯ ಹತ್ತನೇ ಒಂದು ಭಾಗ. ಆದರೆ ಮಣ್ಣಿನದನ್ನೂ ಸೇರಿಸಿ ಲೆಕ್ಕ ಹಾಕಿದರೆ ಕೃಷಿಯಿಂದ ಹೊರಬೀಳುವ ಹಸಿರುಮನೆ ಅನಿಲದಲ್ಲಿ ಅರ್ಧಕ್ಕೂ ಹೆಚ್ಚು ಈ ಹತ್ತನೇ ಒಂದು ಭಾಗದ್ದೇ. ನೀರು ಇಳಿದರೆ ಗಾಳಿ ಒಳಹೊಗುತ್ತದೆ, ಸೂಕ್ಷ್ಮಾಣುಗಳು ಪೀಟನ್ನು ತಿನ್ನತೊಡಗುತ್ತವೆ. ಉತ್ತರದ ತಂಪು ಪ್ರದೇಶದ ಇಂಥ ಉಳುಮೆ ಹೊಲಕ್ಕೆ ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿ ಐಪಿಸಿಸಿ 2013ರಲ್ಲಿ ಕೊಟ್ಟ ಗುಣಾಂಕ, ಅಂದರೆ ಲೆಕ್ಕಕ್ಕೆ ಹಿಡಿಯಬೇಕಾದ ಸರಾಸರಿ, ಹೆಕ್ಟೇರಿಗೆ ವರ್ಷಕ್ಕೆ ಸುಮಾರು 29 ಟನ್ ಇಂಗಾಲದ ಡೈಆಕ್ಸೈಡ್. ವಿಸ್ತೀರ್ಣದಲ್ಲಿ ಸಣ್ಣ ವ್ಯತ್ಯಾಸವಾದರೂ ದೇಶದ ಲೆಕ್ಕ ಏರುಪೇರಾಗುವುದು ಇದರಿಂದಲೇ.

ಕೆಲಸ ಶುರುವಾಗುವುದು ಕಂಪ್ಯೂಟರಿನ ಮುಂದೆ. ಭೂವೈಜ್ಞಾನಿಕ ಸಂಸ್ಥೆ ಜಿಟಿಕೆಯ ಮಣ್ಣಿನ ನಕ್ಷೆ, ಭೂಮಾಪನ ಇಲಾಖೆಯ ಲೇಸರ್ ಎತ್ತರದ ಮಾಹಿತಿ, ಹೊಲಗಳ ಗಡಿಯ ನೋಂದಣಿ, ಇವನ್ನು ಒಂದರ ಮೇಲೊಂದು ಹಾಸುತ್ತೇನೆ. ಇನ್ನೊಂದು ಪದರ ನನಗೆ ತುಂಬಾ ಇಷ್ಟ: 1972ರಿಂದ 2007ರವರೆಗೆ ಜಿಟಿಕೆ ವಿಮಾನವನ್ನು ತೀರಾ ಕೆಳಗೆ ಹಾರಿಸಿ ಇಡೀ ದೇಶದ ಗಾಮಾ ವಿಕಿರಣ ಅಳೆದ ದಾಖಲೆ. ಕೆಳಗಿನ ಕಲ್ಲುಮಣ್ಣಿನ ಪೊಟ್ಯಾಸಿಯಂನಿಂದ ಬರುವ ಕಿರಣವನ್ನು ನೀರುಂಡ ಪೀಟ್ ತಡೆಯುತ್ತದೆ. ಸುಮಾರು 60 ಸೆಂಟಿಮೀಟರ್ ಒದ್ದೆ ಪೀಟ್ ಇದ್ದರೆ ಮೇಲೆ ಬರುವುದು ಬಹಳ ಕಡಿಮೆ. ಜೌಗುಕಾಡಿನಲ್ಲಿ ಇದು ಚೆನ್ನಾಗಿ ಹೊಂದುತ್ತದೆ. ಬಸಿದು ಒಣಗಿಸಿದ ಹೊಲದಲ್ಲಿ ಕಿರಣ ಹೆಚ್ಚು ನುಸುಳುವುದರಿಂದ ತೆಳು ಪೀಟ್ ಸಾಮಾನ್ಯ ಮಣ್ಣಿನಂತೆ ತೋರುತ್ತದೆ. ಹಾರಾಟದ ಸಾಲುಗಳ ನಡುವೆ 200 ಮೀಟರ್ ಅಂತರ ಬೇರೆ, ಸಣ್ಣ ಹೊಲಗಳು ನಡುವೆಯೇ ತಪ್ಪಿಹೋಗುತ್ತವೆ.

ಹಾಗಾಗಿ ಹೊಲಕ್ಕೆ ಇಳಿಯಲೇಬೇಕು. ನಾನು ಹೆಚ್ಚು ಓಡಾಡಿದ್ದು ಪಶ್ಚಿಮ ಕರಾವಳಿಯ ಪೊಹ್ಯನ್ಮಾದಲ್ಲಿ. ಸಲಾಕೆ ಚುಚ್ಚಿದರೆ ಪೀಟಿನಲ್ಲಿ ಮೆತ್ತಗೆ ಇಳಿಯುತ್ತದೆ, ಜೇಡಿಗೋ ಮರಳಿಗೋ ತಗುಲಿದಾಗ ಕೈಗೆ ಗೊತ್ತಾಗುತ್ತದೆ. ಆಮೇಲೆ ಕೊರೆಗೋಲಿನಿಂದ ಮಾದರಿ ತೆಗೆದು ಮುಷ್ಟಿಯಲ್ಲಿ ಹಿಂಡುವುದು. ಸ್ವೀಡನ್ನಿನ ಲೆನಾರ್ಟ್ ವಾನ್ ಪೋಸ್ಟ್ ಮಾಡಿಟ್ಟ ಹತ್ತು ಮೆಟ್ಟಿಲಿನ ಅಳತೆ ಇಂದಿಗೂ ಬಳಕೆಯಲ್ಲಿದೆ. ತಿಳಿನೀರು ಬಂದರೆ ಕೊಳೆತಿಲ್ಲ, ಎಚ್1. ನೀರೇ ಬಾರದೆ ಅಷ್ಟೂ ಬೆರಳ ಸಂದಿಯಿಂದ ಹೊರಜಾರಿದರೆ ಎಚ್10. ಹೊಲದಲ್ಲಿ ಅರ್ಧ ಮೀಟರ್ ಕೆಳಗಿನ ಪೀಟ್ ಹಿಂಡಿದರೆ ಕಂದು ಬಗ್ಗಡ ಬರುತ್ತದೆ, ಜೊಂಡಿನ ಎಳೆಗಳು ಕಣ್ಣಿಗೆ ಕಾಣುತ್ತವೆ. ಉಳುಮೆಯ ಮೇಲ್ಪದರ ಮಾತ್ರ ಒಣಗಿದ ಕಾಫಿ ಚರಟದ ಹಾಗೆ ಉದುರುತ್ತದೆ. ಅಲ್ಲಿ ಈ ಅಳತೆ ನಡೆಯದು. ಲ್ಯಾಬಿನಲ್ಲಿ 550 ಡಿಗ್ರಿಯಲ್ಲಿ ಸುಟ್ಟು, ಎಷ್ಟು ತೂಕ ಹೋಯಿತೆಂದು ನೋಡಿ ಸಾವಯವ ಅಂಶ ಕಂಡುಕೊಳ್ಳಬೇಕು. ಕೆಲವು ಕಡೆ ಕೆಳಗಿನ ಜೇಡಿಯಿಂದ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಸಮುದ್ರದಿಂದ ಮೇಲೆದ್ದ ಗಂಧಕದ ಮಣ್ಣು ಅದು, ಗಾಳಿ ತಾಕಿದರೆ ಆಮ್ಲವಾಗುತ್ತದೆ. ಕೇರಳದ ಕುಟ್ಟನಾಡಿನಲ್ಲಿ ಕರಿ ಎಂದು ಕರೆಯುವ ಆಮ್ಲ ಮಣ್ಣಿನ ನೆಲದ ತೊಂದರೆಯೂ ಇದೇ ಜಾತಿಯದು.

ನನ್ನ ತಕರಾರು ಇರುವುದು ಅಂಚಿನ ಮಣ್ಣಿನ ಬಗ್ಗೆ, ಅಂದರೆ ಪೀಟ್ ಹೌದೋ ಅಲ್ಲವೋ ಎಂಬ ಗಡಿಯಲ್ಲಿರುವ ಮಣ್ಣು. ಇಲ್ಲಿನ ರೈತರ ಮಣ್ಣು ಪರೀಕ್ಷೆಯಲ್ಲಿ ಸಾವಯವ ಅಂಶ ಶೇ 40 ದಾಟಿದರೆ ಮಾತ್ರ ಪೀಟ್, 20ರಿಂದ 40ರವರೆಗಿನದು ಬೇರೆ ವರ್ಗ. ಹವಾಮಾನದ ಲೆಕ್ಕಕ್ಕೆ ಸರಿಸುಮಾರು 20ರ ಮೇಲಿನದೆಲ್ಲ ಸಾವಯವ ಮಣ್ಣೇ. ಭೂವೈಜ್ಞಾನಿಕ ನಕ್ಷೆ ನೋಡುವುದು ದಪ್ಪವನ್ನು. ಒಂದೇ ಹೊಲ ಒಂದು ಪಟ್ಟಿಯಲ್ಲಿ ಸೇರಿ ಇನ್ನೊಂದರಲ್ಲಿ ಬಿಟ್ಟುಹೋಗುತ್ತದೆ. ಸಾಲದ್ದಕ್ಕೆ ಪೀಟ್ ಕರಗುತ್ತಲೇ ಇದೆ. ಎರಡನೇ ಮಹಾಯುದ್ಧದ ನಂತರ, ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಡಬೇಕಾಯಿತಾದ ಕರೇಲಿಯಾ ಪ್ರದೇಶದಿಂದ ಬಂದ 4 ಲಕ್ಷಕ್ಕೂ ಹೆಚ್ಚು ನಿರಾಶ್ರಿತರಿಗೆ ನೆಲೆ ಕಲ್ಪಿಸುವಾಗ ಜೌಗು ಕಡಿದು ಎಷ್ಟೋ ಹೊಸ ಹೊಲ ಮಾಡಿದ್ದರು. ಅಂಥದೊಂದು ಹೊಲದ ಹಿರಿಯ ರೈತರು, "ಅಪ್ಪ ಹೂತ ಬಸಿಪೈಪಿಗೆ ಈಗ ನೇಗಿಲು ತಾಗುತ್ತೆ. ಪೈಪ್ ಮೇಲೆ ಬಂದಿಲ್ಲ, ನೆಲವೇ ಕೆಳಗಿಳಿದಿದೆ" ಎಂದು ತೋರಿಸಿದರು. ಹಳೆಯ ನಕ್ಷೆಯಲ್ಲಿ ದಪ್ಪ ಪೀಟ್ ಎಂದಿದ್ದ ಆ ಹೊಲದ ಒಂದು ಮಗ್ಗುಲಲ್ಲಿ ಈಗ ಮರಳು ಬೆರೆತ ಕಪ್ಪುಮಣ್ಣಷ್ಟೇ ಉಳಿದಿದೆ.

ಇಂಥ ಜಾಗವನ್ನು "ಇನ್ನು ಪೀಟ್ ಅಲ್ಲ" ಎಂದು ಪಟ್ಟಿಯಿಂದ ತೆಗೆದುಬಿಟ್ಟರೆ ಕಾಗದದ ಮೇಲೆ ಅನಿಲ ಕಡಿಮೆಯಾಗುತ್ತದೆ, ಹೊಲದಲ್ಲಿ ಆಗುವುದಿಲ್ಲ. ಪೀಟ್ ತೆಳುವಾಗಿ ಮರಳು ಬೆರೆತ ಮಣ್ಣೂ ಹೆಕ್ಟೇರಿಗೆ ದಪ್ಪ ಪೀಟಿನಷ್ಟೇ ಅನಿಲ ಬಿಡಬಲ್ಲದು ಎಂದು ಜರ್ಮನಿಯ ಹುಲ್ಲುಗಾವಲುಗಳ ಅಳತೆಗಳಲ್ಲಿ ಕಂಡಿದೆ. ಅದಕ್ಕೇ ನನ್ನ ನಕ್ಷೆಯಲ್ಲಿ ಹೌದು-ಅಲ್ಲ ಎಂಬ ಎರಡೇ ಬಣ್ಣ ಇರುವುದಿಲ್ಲ. ದಪ್ಪ ಪೀಟ್, ತೆಳು ಪೀಟ್, ಪೀಟಾಗಿದ್ದ ಸಾವಯವ ಮಣ್ಣು ಎಂದು ಬೇರೆ ಬೇರೆ ಗುರುತಿಸಿ, ಅಳೆದ ವರ್ಷವನ್ನೂ ನಮೂದಿಸುತ್ತೇನೆ.

ಈಗ ಇದು ತುರ್ತಿನ ವಿಷಯ. ಐರೋಪ್ಯ ಒಕ್ಕೂಟದ 2024ರ ಪ್ರಕೃತಿ ಪುನಶ್ಚೇತನ ಕಾನೂನಿನ ಪ್ರಕಾರ, ಬಸಿದ ಪೀಟ್ ಕೃಷಿಭೂಮಿಯ ಶೇ 30ರಷ್ಟರಲ್ಲಿ 2030ರೊಳಗೆ ಸುಧಾರಣಾ ಕ್ರಮ ಆಗಬೇಕು, ಅದರ ಕಾಲು ಭಾಗಕ್ಕಾದರೂ ಮತ್ತೆ ನೀರು ನಿಲ್ಲಿಸಬೇಕು. ಯಾವುದರ ಶೇ 30 ಎಂಬುದು ಮೊದಲು ಗೊತ್ತಾಗಬೇಕಲ್ಲ. ದಪ್ಪ ಪೀಟ್ ಇರುವ, ತಗ್ಗಿನಲ್ಲಿರುವ, ಹೇಗೂ ಇಳುವರಿ ಕುಸಿದಿರುವ ಹೊಲಗಳಿಂದ ಶುರುಮಾಡುವುದೇ ಸರಿ ಎಂದು ನನಗನ್ನಿಸುತ್ತದೆ. ಆದರೆ ಒಬ್ಬರ ಕಾಲುವೆ ಮುಚ್ಚಿದರೆ ಪಕ್ಕದವರ ಬಾರ್ಲಿ ನೀರಲ್ಲಿ ನಿಲ್ಲುತ್ತದೆ. ಹಾಗಾಗಿ ಮಣ್ಣಿನ ಪದರದ ಜೊತೆ, ಯಾವ ಬಸಿಗಾಲುವೆ ಯಾರ ಯಾರ ಹೊಲ ದಾಟಿ ಹರಿಯುತ್ತದೆ ಎಂಬುದನ್ನೂ ಅದೇ ನಕ್ಷೆಯಲ್ಲಿ ಸೇರಿಸಿ ಕೊಡುತ್ತಿದ್ದೇನೆ.