ಹಳೇ ಲ್ಯಾಪ್‌ಟಾಪ್ ಕೊಳ್ಳುವಾಗ ಮೊದಲು ಬ್ಯಾಟರಿ ನೋಡಿ

ನಮ್ಮ ಮನೆ ತೀರ್ಥಹಳ್ಳಿ ಕಡೆ. ಆಷಾಢದ ಗಾಳಿಗೆ ಒಂದು ಮರ ತಂತಿ ಮೇಲೆ ಬಿದ್ದರೆ ಸಾಕು, ಬೆಳಿಗ್ಗೆ ಹೋದ ಕರೆಂಟು ಸಂಜೆಯಾದರೂ ಬರುವುದಿಲ್ಲ. ನಾನು ಮನೆಯಲ್ಲೇ ಕೂತು ಪುಸ್ತಕಗಳ ಪ್ರೂಫ್ ನೋಡುತ್ತೇನೆ. ಹಾಗಾಗಿ ನನಗೆ ಮೊದಲು ಬ್ಯಾಟರಿ, ಉಳಿದದ್ದೆಲ್ಲ ಆಮೇಲೆ.

ಮೊದಲ ಸಲ ಮೋಸಹೋದೆ. "ಬ್ಯಾಟರಿ ಸೂಪರ್ ಇದೆ ಮೇಡಂ, ನಾಲ್ಕು ಗಂಟೆ ಬರುತ್ತೆ" ಎಂದ ಅಂಗಡಿಯವರ ಮಾತು ನಂಬಿ ತಂದೆ. ಮನೆಯಲ್ಲಿ 35 ಪರ್ಸೆಂಟ್ ತೋರಿಸುತ್ತಿದ್ದದ್ದು ಒಮ್ಮೆಗೇ ಆಫ್ ಆಯಿತು. ತಿದ್ದಿದ್ದ ಎರಡು ಪುಟವೂ ಹೋಯಿತು. ಅವತ್ತಿನಿಂದ ಬಾಯಿಮಾತು ನಂಬುವುದನ್ನು ಬಿಟ್ಟೆ.

ಅಂಗಡಿಗೆ ಹೋಗುವಾಗ ಲಿನಕ್ಸ್ ಮಿಂಟ್ (ವಿಂಡೋಸ್ ಥರದ್ದೇ, ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಮ್) ಹಾಕಿದ ಪೆನ್‌ಡ್ರೈವ್ ಜೊತೆಗಿರಲಿ. ಲ್ಯಾಪ್‌ಟಾಪನ್ನು ಅದರಿಂದಲೇ ಬೂಟ್ ಮಾಡಿ, ಅಂದರೆ ಶುರು ಮಾಡಿ, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಚಾರ್ಜರ್ ತೆಗೆದು, ಟರ್ಮಿನಲ್‌ನಲ್ಲಿ (ಕಮಾಂಡ್ ಟೈಪ್ ಮಾಡುವ ಕಿಟಕಿ) ಯುಪವರ್ ಕಮಾಂಡನ್ನು ಡಂಪ್ ಆಯ್ಕೆಯೊಂದಿಗೆ, ಅಂದರೆ upower --dump ಎಂದು ಕೊಡಿ. ಉದ್ದ ಪಟ್ಟಿ ಬರುತ್ತದೆ, ಅದರಲ್ಲಿ ಮೂರು ಸಾಲು ಸಾಕು. ‘ಎನರ್ಜಿ ಫುಲ್ ಡಿಸೈನ್’ ಅಂದರೆ ಹೊಸದರಲ್ಲಿ ಬ್ಯಾಟರಿ ಎಷ್ಟು ಹಿಡಿಯುತ್ತಿತ್ತು ಎಂಬ ಲೆಕ್ಕ. ‘ಎನರ್ಜಿ ಫುಲ್’ ಈಗ ಹಿಡಿಯುವಷ್ಟು. ‘ಎನರ್ಜಿ ರೇಟ್’ ಈ ಹೊತ್ತಿನ ಖರ್ಚು. ಈಗ 40 ವ್ಯಾಟ್ ಅವರ್ ಹಿಡಿಯುತ್ತಿದ್ದು, ಖರ್ಚು 8 ವ್ಯಾಟ್ ಇದ್ದರೆ ಐದು ಗಂಟೆ. ಭಾಗಾಕಾರ ಅಷ್ಟೇ ಅಲ್ವಾ? ಆದರೆ ಸ್ಕ್ರೀನಿನ ಬೆಳಕನ್ನು ನೀವು ದಿನಾ ಇಡುವಷ್ಟೇ ಇಟ್ಟು ನೋಡಿ.

ಡೂಪ್ಲಿಕೇಟ್ ಬ್ಯಾಟರಿ ಸುಳ್ಳು ಅಂಕಿ ಹೇಳುವುದುಂಟು. ಅದಕ್ಕೇ ಅರ್ಧ ಗಂಟೆಯಾದರೂ ಚಾರ್ಜರ್ ಇಲ್ಲದೆ ಓಡಿಸಿ. ಪರ್ಸೆಂಟ್ ಮೆಲ್ಲಗೆ ಇಳಿಯಬೇಕು, ಧುಮುಕಬಾರದು. ಅಷ್ಟರಲ್ಲಿ ಮುಚ್ಚಳ ಮುಚ್ಚಿ ತೆರೆದು ವೈಫೈ ಮತ್ತೆ ಹಿಡಿಯುತ್ತದಾ ನೋಡಿ. ಟಚ್‌ಪ್ಯಾಡ್ ಒತ್ತಿದಾಗ ಬಿಗಿಯಾಗಿದ್ದರೆ ಒಳಗೆ ಬ್ಯಾಟರಿ ಊದಿರಬಹುದು. ಅಂಥದ್ದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಬಯಾಸ್ (ಆನ್ ಮಾಡಿದೊಡನೆ ಮೊದಲು ಓಡುವ, ಲ್ಯಾಪ್‌ಟಾಪಿನೊಳಗಿನದೇ ತಂತ್ರಾಂಶ) ಪಾಸ್‌ವರ್ಡ್ ಕೇಳಿದರೂ ಅಷ್ಟೇ, ವಾಪಸ್ ಕೊಟ್ಟುಬಿಡಿ.

ಎರಡನೇ ಸಲ ನಾನು ತಂದದ್ದು ಥಿಂಕ್‌ಪ್ಯಾಡ್ ಟಿ480, 2018ರ ಮಾಡೆಲ್. ಇದಕ್ಕೆ ಎರಡು ಬ್ಯಾಟರಿ. ಒಳಗಿನದು 24 ವ್ಯಾಟ್ ಅವರ್. ಹಿಂದೆ ಸಿಕ್ಕಿಸುವುದು 24, 48, 72ರಲ್ಲಿ ಸಿಗುತ್ತದೆ. ತಳದ ಎರಡು ಚಿಲಕ ಸರಿಸಿದರೆ ಹಿಂದಿನದು ಕೈಗೆ ಬರುತ್ತದೆ. ಒಳಗಿನದರಲ್ಲಿ ಚಾರ್ಜ್ ಇದ್ದರೆ ಲ್ಯಾಪ್‌ಟಾಪ್ ಆಫ್ ಮಾಡದೆಯೇ ಬದಲಾಯಿಸಬಹುದು. ಮಳೆಗಾಲಕ್ಕೆಂದು ನಾನು ಇನ್ನೊಂದನ್ನು ತುಂಬಿಸಿಟ್ಟುಕೊಂಡಿದ್ದೇನೆ. ಎಂಟನೇ ತಲೆಮಾರಿನ ಇಂಟೆಲ್ ಐ5 ಪ್ರೊಸೆಸರ್ ಇರುವುದನ್ನೇ ಕೇಳಿ, ನಾಲ್ಕು ಕೋರ್ ಇರುತ್ತದೆ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡ್ ಇರುವುದು ಬೇಡ, ಲಿನಕ್ಸ್‌ನಲ್ಲಿ ತಲೆನೋವು ಜಾಸ್ತಿ, ಸುಮ್ನೆ ಕರೆಂಟೂ ತಿನ್ನುತ್ತದೆ.

ಸ್ಕ್ರೀನ್ 1920x1080 ಪಿಕ್ಸೆಲ್ ಇರಲಿ. 1366x768ರಲ್ಲಿ ಒತ್ತಕ್ಷರಗಳು ಕಲಸಿಕೊಳ್ಳುತ್ತವೆ. ‘ಸ್ತ್ರೀ’ ಎಂದು ಟೈಪ್ ಮಾಡಿ ನೋಡಿ, ಗೊತ್ತಾಗುತ್ತದೆ.

ಮನೆಗೆ ತಂದಮೇಲೆ ಟಿಎಲ್‌ಪಿ (ಲಿನಕ್ಸ್‌ನಲ್ಲಿ ಬ್ಯಾಟರಿ ಉಳಿಸುವ ತಂತ್ರಾಂಶ) ಹಾಕಿ, ಚಾರ್ಜ್ 80 ಪರ್ಸೆಂಟ್‌ಗೆ ನಿಲ್ಲುವಂತೆ ಮಾಡಿ. ಸದಾ ನೂರಕ್ಕೇ ತುಂಬಿಟ್ಟರೆ ಬ್ಯಾಟರಿ ಬೇಗ ಸವೆಯುತ್ತದೆ. ಪಡುವಣದಲ್ಲಿ ಮೋಡ ಕಪ್ಪಾದ ದಿನ ಮಾತ್ರ ನಾನು ಟಿಎಲ್‌ಪಿಯ ಫುಲ್‌ಚಾರ್ಜ್ ಕಮಾಂಡ್ ಕೊಟ್ಟು ಪೂರ್ತಿ ತುಂಬಿಸುತ್ತೇನೆ.