ಎಕ್ಸೆಲ್‌ನಲ್ಲಿ ಚಾರ್ಟ್ ಮಾಡುವುದು: ಕರ್ನಾಟಕದ ಜನಸಂಖ್ಯೆಯ ಉದಾಹರಣೆಯೊಂದಿಗೆ

ಚಾರ್ಟ್ ಹಾಕುವುದು ಎರಡು ಕ್ಲಿಕ್ಕಿನ ಕೆಲಸ. ಅದು ನೆಟ್ಟಗೆ ಬರುತ್ತದೋ ಇಲ್ಲವೋ ಎಂಬುದು ಮಾತ್ರ ಶೀಟಿಗೆ ಅಂಕಿ ತುಂಬುವಾಗಲೇ ತೀರ್ಮಾನವಾಗಿಬಿಟ್ಟಿರುತ್ತದೆ. ಕರ್ನಾಟಕದ ಜನಗಣತಿಯನ್ನೇ ತೆಗೆದುಕೊಳ್ಳಿ. ಎ ಕಾಲಂನಲ್ಲಿ, ಎರಡನೇ ಸಾಲಿನಿಂದ, 1951, 1961, 1971, 1981, 1991, 2001, 2011. ಬಿ ಕಾಲಂನಲ್ಲಿ ಅದೇ ಕ್ರಮದಲ್ಲಿ 19401956, 23586772, 29299014, 37135714, 44977201, 52850562, 61095297.

ಸೆಲ್‌ನೊಳಗೆ ‘1.94 ಕೋಟಿ’ ಎಂದು ಬರೆಯಬೇಡಿ. ಅಕ್ಷರ ಸೇರಿದರೆ ಅದು ಸಂಖ್ಯೆಯಲ್ಲ, ಬರೀ ಪಠ್ಯ. ವೆಬ್‌ಪುಟದಿಂದ ಕಾಪಿ ಮಾಡಿದಾಗಲೂ ಇದೇ ಕಾಟ. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನಿಸಿ, ಸಂಖ್ಯೆಗಳು ತಾವಾಗಿ ಬಲಕ್ಕೆ ಕೂರುತ್ತವೆ. ಕಣ್ಣಿಗೆ ಬೀಳದ ಖಾಲಿ ಅಕ್ಷರವೊಂದು ಜೊತೆಗೆ ಬಂದಿರಬಹುದು, ಅದು ಖಾಲಿ ಜಾಗ ತೆಗೆಯುವ ಟ್ರಿಮ್ ಫಾರ್ಮುಲಾಗೆ ಜಗ್ಗುವುದಿಲ್ಲ. ಸಬ್‌ಸ್ಟಿಟ್ಯೂಟ್ ಫಾರ್ಮುಲಾದಲ್ಲಿ CHAR(160) ಎಂಬ ಆ ಖಾಲಿ ಅಕ್ಷರವನ್ನು ತೆಗೆದುಹಾಕಿ, ಹೊರಗಡೆ ಪಠ್ಯವನ್ನು ಸಂಖ್ಯೆಯಾಗಿಸುವ ವ್ಯಾಲ್ಯೂ ಸುತ್ತಿದರೆ ಸರಿಹೋಗುತ್ತದೆ.

ಚಾರ್ಟಿನ ಅಕ್ಷದ ಡಿಸ್‌ಪ್ಲೇ ಯೂನಿಟ್ಸ್‌ನಲ್ಲಿ ಮಿಲಿಯನ್, ಬಿಲಿಯನ್ ಇವೆ, 10000000 ಎಂಬ ಆಯ್ಕೆಯೂ ಇದೆ, ಆದರೆ ಕೋಟಿ ಎಂಬ ಹೆಸರಿಲ್ಲ. ಆದ್ದರಿಂದ ಸಿ ಕಾಲಂ ಮಾಡಿ, ಸಿ2ರಲ್ಲಿ =B2/10000000 ಎಂದು ಕೊಟ್ಟು ಸಿ8ರವರೆಗೆ ಎಳೆಯಿರಿ. ಸಿ1ರಲ್ಲಿ ‘ಜನಸಂಖ್ಯೆ, ಕೋಟಿಗಳಲ್ಲಿ’ ಎಂಬ ತಲೆಬರಹ. ಎ1 ಖಾಲಿಯೇ ಇರಲಿ.

ಯಾಕೆಂದರೆ ಎ1ರಲ್ಲಿ ‘ವರ್ಷ’ ಎಂದಿದ್ದರೆ ಎಕ್ಸೆಲ್ 1951, 1961ನ್ನೂ ಅಳೆಯಬೇಕಾದ ಅಂಕಿ ಎಂದೇ ಭಾವಿಸುತ್ತದೆ. ಎರಡು ಸಾವಿರದೆತ್ತರದ ವರ್ಷದ ಕಂಬಗಳು ಎದ್ದು ನಿಲ್ಲುತ್ತವೆ, 6.11ರ ಕಂಬ ನೆಲಕ್ಕೊರಗಿ ಕಾಣುವುದೇ ಇಲ್ಲ, ಕೆಳಗೆ ವರ್ಷದ ಬದಲು 1, 2, 3. ಆಗಲೇ ಹೀಗಾಗಿದ್ದರೆ ಚಾರ್ಟ್ ಮೇಲೆ ರೈಟ್ ಕ್ಲಿಕ್, ಸೆಲೆಕ್ಟ್ ಡೇಟಾ. ಎಡಗಡೆಯ ಪಟ್ಟಿಯಿಂದ ‘ವರ್ಷ’ವನ್ನು ರಿಮೂವ್ ಮಾಡಿ, ಬಲಗಡೆ ಎಡಿಟ್ ಒತ್ತಿ ಎ2ರಿಂದ ಎ8ರವರೆಗೆ ತೋರಿಸಿ. ಎಕ್ಸೆಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ಕ್ಯಾಲ್ಕ್‌ನಲ್ಲಾದರೆ ಮೊದಲ ಕಾಲಂ ಲೇಬಲ್ ಎಂಬ ಟಿಕ್ ಹಾಕಿದರೆ ಸಾಕು.

ಈಗ ಎ1ರಿಂದ ಎ8 ಆರಿಸಿ, ಕಂಟ್ರೋಲ್ ಹಿಡಿದು ಸಿ1ರಿಂದ ಸಿ8 ಆರಿಸಿ. ಇನ್ಸರ್ಟ್‌ನಲ್ಲಿ ಕ್ಲಸ್ಟರ್ಡ್ ಕಾಲಂ. ಆಲ್ಟ್ ಮತ್ತು ಎಫ್1 ಒಟ್ಟಿಗೆ ಒತ್ತಿದರೂ ನಡೆಯುತ್ತದೆ. ಕಂಬಗಳು ತೆಳ್ಳಗೆ ಅನಿಸಿದರೆ ಫಾರ್ಮ್ಯಾಟ್ ಡೇಟಾ ಸೀರೀಸ್‌ಗೆ ಹೋಗಿ, 219 ಶೇಕಡಾ ಇರುವ ಗ್ಯಾಪ್ ವಿಡ್ತ್ ಅನ್ನು 80ಕ್ಕೆ ಇಳಿಸಿ. ಇರುವುದು ಒಂದೇ ಸರಣಿ, ಯಾವ ಬಣ್ಣ ಯಾವುದಕ್ಕೆ ಎಂದು ಹೇಳುವ ಲೆಜೆಂಡ್ ಬೇಡ. ಥ್ರೀಡಿ ಅಂತೂ ಬೇಡವೇ ಬೇಡ, ಓರೆ ನಿಂತ ಕಂಬದ ತುದಿ ಯಾವ ಗೆರೆಗೆ ತಾಗಿದೆ ಎಂದು ಯಾರಿಗೂ ತಿಳಿಯುವುದಿಲ್ಲ.

ಏಳೂ ವರ್ಷ ಇದ್ದಾಗ ಲಂಬ ಅಕ್ಷ ಸೊನ್ನೆಯಿಂದಲೇ ಶುರುವಾಗುತ್ತದೆ. 2001 ಮತ್ತು 2011ನ್ನಷ್ಟೇ ಹಾಕಿ ನೋಡಿ: ಅಂಕಿಗಳು ಹತ್ತಿರ ಹತ್ತಿರ ಇದ್ದರೆ ಎಕ್ಸೆಲ್ ಸೊನ್ನೆ ಬಿಟ್ಟು ಮೇಲಿಂದ ಶುರು ಮಾಡುತ್ತದೆ. ಅಕ್ಷ 4.8ರಿಂದ ಎದ್ದರೆ 2011ರ ಕಂಬ 2001ರದರ ಎರಡೂವರೆ ಪಟ್ಟಿಗಿಂತಲೂ ಎತ್ತರ ಕಾಣುತ್ತದೆ. ನಿಜವಾದ ಏರಿಕೆ ಶೇಕಡಾ 15.6 ಮಾತ್ರ. ಫಾರ್ಮ್ಯಾಟ್ ಆಕ್ಸಿಸ್‌ನಲ್ಲಿ ಮಿನಿಮಂ 0 ಎಂದು ನೀವೇ ಬರೆದುಬಿಡಿ.

ಲೈನ್ ಚಾರ್ಟ್‌ಗೆ ಬೇರೆ ತೊಡಕಿದೆ. 2021ರ ಗಣತಿ ನಡೆಯಲಿಲ್ಲ, ಮುಂದಿನದು 2027ಕ್ಕೆ. ಆ ಸಾಲು ಸೇರಿಸಿದಾಗ ವರ್ಷಗಳು ಬರೀ ಲೇಬಲ್ ಆಗಿರುವುದರಿಂದ 16 ವರ್ಷದ ಅಂತರವೂ ಹಿಂದಿನ 10 ವರ್ಷದಷ್ಟೇ ಅಗಲ ಬೀಳುತ್ತದೆ, ನಿಜಕ್ಕೂ ಇಲ್ಲದ ವೇಗವನ್ನು ಗೆರೆ ತೋರಿಸುತ್ತದೆ. ಅಲ್ಲಿ ಸ್ಕ್ಯಾಟರ್ ಬಳಸಿ, ನೇರ ಗೆರೆ ಇರುವ ಬಗೆ. ಅದು ವರ್ಷವನ್ನು ಅಂಕಿಯಾಗಿಯೇ ಅಳೆಯುತ್ತದೆ.

ಸಾಲೊಂದನ್ನು ಹೈಡ್ ಮಾಡಿದರೆ ಅದರ ಕಂಬವೂ ಮಾಯ; ಸೆಲೆಕ್ಟ್ ಡೇಟಾದೊಳಗಿನ ಹಿಡನ್ ಅಂಡ್ ಎಂಪ್ಟಿ ಸೆಲ್ಸ್‌ನಲ್ಲಿ ಟಿಕ್ ಹಾಕಿದರೆ ಮರಳುತ್ತದೆ. ಶೀರ್ಷಿಕೆಯನ್ನು ಯುನಿಕೋಡ್‌ನಲ್ಲೇ ಟೈಪ್ ಮಾಡಿ, ವಿಂಡೋಸ್‌ನ ನಿರ್ಮಲಾ ಅಥವಾ ತುಂಗಾ ಫಾಂಟ್ ಸಾಕು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದರೆ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅಕ್ಷರಗಳೆಲ್ಲ ಕಲಸುಮೇಲೋಗರ.