ಹೊಲಿಗೆಯ ಅಡಿಯಲ್ಲಿ ನೂಲು ಗೋಜಲಾಗುತ್ತಿತ್ತು, ಸರಿಯಾಯಿತು

ಅಕ್ಕನ ಮಗಳ ಪಾಪುವಿಗೆ ಅಂತ ಅಮ್ಮನ ಹಳೆಯ ಕಾಸರಗೋಡು ಕಾಟನ್ ಸೀರೆಯನ್ನು ನಾಲ್ಕು ಪದರ ಮಡಚಿ ಹೊಲಿಗೆ ಮೆಶಿನ್ನಿನಲ್ಲಿ ಹೊದಿಕೆ ಹೊಲಿಯುತ್ತಿದ್ದೆ. ಮೇಲೆ ಹೊಲಿಗೆ ಚಂದ, ಅಡಿಯಲ್ಲಿ ಮಾತ್ರ ಬರೀ ಕುಣಿಕೆ. ಅಡಿಯ ನೂಲು ಸುತ್ತಿಡುವ ಬಾಬಿನ್ ಬದಲಿಸಿದರೂ ಅಷ್ಟೇ. ಕುಂಬಳೆಯಲ್ಲಿ ಪರಿಚಯದ ಟೈಲರಣ್ಣನ ಹತ್ತಿರ ಕೇಳಿದೆ. ಅಡಿಯಲ್ಲಿ ಕುಣಿಕೆ ಬಂದರೆ ಹೆಚ್ಚಾಗಿ ಮೇಲಿನ ನೂಲೇ ಸಡಿಲ, ಟೆನ್ಶನ್ (ನೂಲಿನ ಬಿಗಿ) ನೋಡಿ ಅಂದರು. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಎತ್ತಿದರೆ ಮೇಲಿನ ನೂಲನ್ನು ಬಿಗಿ ಹಿಡಿಯುವ ಟೆನ್ಶನ್‌ನ ಎರಡು ಬಿಲ್ಲೆಗಳು ಸಡಿಲವಾಗುತ್ತವೆ ಅಲ್ವಾ, ಆ ಸಂದಿಗೆ ತೆಳು ಬಟ್ಟೆಯ ಅಂಚು ತೂರಿಸಿ ಎಳೆದೆ, ಧೂಳಿನ ಜೊತೆ ಕೆಂಪು ನೂಲಿನ ಪುಟ್ಟ ತುಂಡೊಂದು ಹೊರಗೆ ಬಂತು! ಪದರ ಜಾಸ್ತಿ ಇದ್ದುದರಿಂದ 16ನೇ ನಂಬರ್ ಸೂಜಿ ಹಾಕಿ, ಫೂಟ್ ಎತ್ತಿಟ್ಟುಕೊಂಡೇ ನೂಲು ಪೋಣಿಸಿದೆ. ಈಗ ಎರಡೂ ಬದಿ ಒಂದೇ ಥರ. ಸುಮ್ನೆ ಬಾಬಿನ್ ಕೇಸಿನ ಸ್ಕ್ರೂ ತಿರುಗಿಸಬೇಡಿ, ಮೊದಲು ಈ ಬಿಲ್ಲೆಗಳನ್ನು ನೋಡಿ.